ಪದಚರ್ಚೆ: ಗ್ರೆಪ್ ಸಾಲುಗಳನ್ನು ‘ಆರಿಸುತ್ತದೋ’, ‘ಹೆಕ್ಕುತ್ತದೋ’?

ಎಲ್ಲರಿಗೂ ನಮಸ್ಕಾರ.

ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ಕಮಾಂಡ್‌ಗಳ (ಕಂಪ್ಯೂಟರಿಗೆ ಟೈಪ್ ಮಾಡಿ ಕೊಡುವ ಆಜ್ಞೆಗಳ) ಬಗ್ಗೆ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಸರ್ವರ್ ನೋಡಿಕೊಳ್ಳುವ ಕೆಲಸಕ್ಕೆ ಹೊಸದಾಗಿ ಸೇರುವ, ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗ ಹುಡುಗಿಯರಿಗಾಗಿ. ಕಮಾಂಡ್‌ಗಳ ಹೆಸರನ್ನು ಹಾಗೇ ಉಳಿಸಿದ್ದೇನೆ. ಟೈಪ್ ಮಾಡಬೇಕಾದ್ದು ಅದನ್ನೇ ಅಲ್ವಾ? ಆದರೆ ಆ ಕಮಾಂಡ್ ಏನು ಮಾಡುತ್ತದೆ ಎಂದು ಹೇಳುವ ಕ್ರಿಯಾಪದ ಕನ್ನಡದ್ದೇ ಇರಬೇಕು. ಅಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು ಉದಾಹರಣೆ ಕೊಡುತ್ತೇನೆ. ತಪ್ಪು ಪಾಸ್‌ವರ್ಡ್ ಹಾಕಿ ಸರ್ವರ್ ಒಳಗೆ ನುಗ್ಗಲು ಯಾರು ಜಾಸ್ತಿ ಪ್ರಯತ್ನಿಸಿದ್ದಾರೆ ಎಂದು ತಿಳಿಯಬೇಕು. ನಡೆದದ್ದೆಲ್ಲ ದಾಖಲಾಗುವ ಲಾಗ್ ಫೈಲಿನಲ್ಲಿ ಸಾವಿರಾರು ಸಾಲುಗಳಿವೆ. ಗ್ರೆಪ್ ಎಂಬ ಕಮಾಂಡಿನಿಂದ ‘ಪಾಸ್‌ವರ್ಡ್ ತಪ್ಪು’ ಎನ್ನುವ ಸಾಲುಗಳನ್ನು ಮಾತ್ರ ತೆಗೆಯುತ್ತೇವೆ. ಆಕ್‌ನಿಂದ ಆ ಸಾಲುಗಳಲ್ಲಿರುವ ಐಪಿ ವಿಳಾಸ (ಪ್ರಯತ್ನ ಬಂದ ಕಡೆಯ ಸಂಖ್ಯಾವಿಳಾಸ) ಬಿಡಿಸಿಕೊಳ್ಳುತ್ತೇವೆ. ಸಾರ್ಟ್‌ನಿಂದ ಒಂದೇ ತರಹದವನ್ನು ಒತ್ತಟ್ಟಿಗೆ ತರುತ್ತೇವೆ. ಯೂನಿಕ್‌ನಿಂದ ಯಾವುದು ಎಷ್ಟು ಸಲ ಬಂದಿದೆ ಎಂದು ಎಣಿಸುತ್ತೇವೆ. ಹೆಚ್ಚು ಸಲ ಬಂದದ್ದು ಮೇಲೆ ಬರುವಂತೆ ಇನ್ನೊಮ್ಮೆ ಸಾರ್ಟ್ ಮಾಡಿ, ಹೆಡ್‌ನಿಂದ ಮೇಲಿನ ಹತ್ತನ್ನು ನೋಡುತ್ತೇವೆ. ಇಷ್ಟೂ ಕೆಲಸ ಒಂದೇ ಸಾಲಿನಲ್ಲಿ ಮುಗಿಯುತ್ತದೆ.

ಇಂಥ ಕಮಾಂಡ್‌ಗಳಿಗೆಲ್ಲ ‘ಫಿಲ್ಟರ್’ ಎಂಬ ಹೆಸರಿದೆ. ನಾನು ಮೊದಲು ‘ಶೋಧಕ’ ಎಂದು ಬರೆದೆ. ಓದಿದವರಿಗೆ ಅದು ಹುಡುಕುವ ಯಂತ್ರದ ಹಾಗೆ ಕೇಳಿಸಿತು. ಆಮೇಲೆ ‘ಸೋಸು’, ‘ಜರಡಿ ಹಿಡಿ’, ‘ಆರಿಸು’ ಎಲ್ಲವನ್ನೂ ಇಟ್ಟು ನೋಡಿದೆ. ತೊಡಕು ಕಾಣಿಸಿದ್ದು ಆಗಲೇ. ಗ್ರೆಪ್ ಕೇಳಿದ ಸಾಲನ್ನು ಉಳಿಸಿಕೊಳ್ಳುತ್ತದೆ. ಅದಕ್ಕೇ ‘ವಿ’ ಎಂಬ ಗುರುತು ಸೇರಿಸಿದರೆ ಕೇಳಿದ ಸಾಲನ್ನು ಬಿಟ್ಟು ಉಳಿದದ್ದನ್ನು ಕೊಡುತ್ತದೆ. ಎರಡೂ ಒಂದಕ್ಕೊಂದು ತಿರುಗುಮುರುಗು. ನಮ್ಮ ‘ಆರಿಸು’ ಈ ಎರಡೂ ಕೆಲಸಕ್ಕೆ ಸಲ್ಲುತ್ತದೆ! ಸೀರೆ ಆರಿಸಿದರೆ ಕೈಗೆ ಬಂದದ್ದನ್ನು ಮನೆಗೆ ತರುತ್ತೇವೆ. ಅಕ್ಕಿ ಆರಿಸಿದರೆ ಕೈಗೆ ಬಂದದ್ದು ಕಲ್ಲು, ಅದನ್ನು ಬಿಸಾಡುತ್ತೇವೆ. (ದೀಪ ಆರಿಸುವುದು, ಬಟ್ಟೆ ಆರಿಸುವುದು ಬೇರೆ ಮಾತು ಬಿಡಿ.) ‘ಜರಡಿ ಹಿಡಿ’ ಎಂದರೂ ಅಷ್ಟೇ. ಹಿಟ್ಟು ಬೇಕಾದವರಿಗೆ ಕೆಳಗೆ ಬಿದ್ದದ್ದು ಮುಖ್ಯ, ರವೆ ಬೇಕಾದವರಿಗೆ ಮೇಲೆ ಉಳಿದದ್ದು.

‘ಹೆಕ್ಕು’ ಎಂಬ ಪದದಲ್ಲಿ ಈ ಗೊಂದಲ ಇಲ್ಲ. ತೋಟದಲ್ಲಿ ಉದುರಿದ ಅಡಿಕೆ ಹೆಕ್ಕಿದರೆ ಅದು ಬುಟ್ಟಿಗೇ ಹೋಗುತ್ತದೆ. ಹಾಗಾಗಿ ಗ್ರೆಪ್‌ಗೆ ‘ಹೆಕ್ಕು’ ಎಂದು ಬರೆದಿದ್ದೇನೆ. ‘ವಿ’ ಗುರುತಿನ ಗ್ರೆಪ್‌ಗೆ ಹುಬ್ಬಳ್ಳಿ ಕಡೆಯ ಗೆಳತಿಯೊಬ್ಬಳು ‘ಹಸನು ಮಾಡು’ ಎಂದು ಸೂಚಿಸಿದಳು. ಅವರಲ್ಲಿ ಅಕ್ಕಿ, ಜೋಳ ಎಲ್ಲ ಹಸನು ಮಾಡುತ್ತಾರೆ, ಬೇಡದ್ದು ಆಚೆ ಹೋಗುತ್ತದೆ. ಪದ ನನಗೆ ತುಂಬಾ ಹಿಡಿಸಿತು. ಆದರೆ ಸೆಟ್ಟಿಂಗ್ ಫೈಲಿನಲ್ಲಿ ಟಿಪ್ಪಣಿಯ ಸಾಲುಗಳನ್ನು ಬಿಟ್ಟು ಉಳಿದದ್ದನ್ನು ಓದುವಾಗಲೂ ಇದೇ ಕಮಾಂಡ್ ಬೇಕು. ಆ ಟಿಪ್ಪಣಿ ಕಸವಲ್ಲ, ಯಾರೋ ಕಾಳಜಿಯಿಂದ ಬರೆದದ್ದು. ಅಲ್ಲಿ ‘ಹಸನು’ ಹೊಂದುತ್ತದೆಯೇ?

ಇನ್ನು ‘ಪೈಪ್’. ಒಂದು ಕಮಾಂಡಿನಿಂದ ಬಂದದ್ದನ್ನು ಇನ್ನೊಂದಕ್ಕೆ ಒಪ್ಪಿಸುವ ನಿಂತ ಗೆರೆ (|). ಡಗ್ ಮೆಕಿಲ್ರಾಯ್ 1964ರಲ್ಲೇ ಅಮೆರಿಕದ ಸಂಶೋಧನಾಲಯ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ ಒಂದು ಟಿಪ್ಪಣಿಯಲ್ಲಿ ಪ್ರೋಗ್ರಾಂಗಳನ್ನು ಕೈತೋಟಕ್ಕೆ ನೀರು ಬಿಡುವ ಪೈಪಿನ ಹಾಗೆ ಜೋಡಿಸುವಂತಿರಬೇಕು ಎಂದಿದ್ದರು. ಆ ಜೋಡಣೆ ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ಗೆ ಬಂದದ್ದು 1973ರಲ್ಲಿ, ಕೆನ್ ಥಾಂಪ್ಸನ್ ಕೈಯಿಂದ. ‘ಟೀ’ ಎಂಬ ಕಮಾಂಡಿನ ಹೆಸರೂ ಕೊಳಾಯಿ ಕೆಲಸದಿಂದಲೇ ಬಂದದ್ದು. ಹರಿವನ್ನು ಎರಡು ಕಡೆಗೆ ಒಡೆಯುವ ಅದೇ ಟೀ, ನಮ್ಮ ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಬೋ ಪಕ್ಕದಲ್ಲಿ ಇರುತ್ತದಲ್ಲ, ಅದು. ನನ್ನ ಅಜ್ಜಿಮನೆ ತೀರ್ಥಹಳ್ಳಿ ಕಡೆ. ಅಲ್ಲಿ ಅಡಿಕೆ ಮರದ ದಂಬೆಗಳನ್ನು (ಸೀಳಿ ಒಳಗು ಕೊರೆದ ಕಾಂಡಗಳನ್ನು) ಒಂದರ ಬಾಯಿಗೆ ಒಂದು ಕೂಡಿಸಿ ಅಬ್ಬಿ ನೀರನ್ನು ಅಂಗಳಕ್ಕೆ ತರುತ್ತಿದ್ದರು. ಪೈಪ್ ಎಂದಾಗಲೆಲ್ಲ ನನ್ನ ಕಣ್ಣ ಮುಂದೆ ಬರುವುದು ಅದೇ. ಆದರೆ ಬಯಲುಸೀಮೆಯ ಹುಡುಗರಿಗೆ ದಂಬೆ ಎಂದರೆ ಏನು ತಿಳಿಯುತ್ತದೆ? ಕೊಳವೆಬಾವಿಯಿಂದಾಗಿ ‘ಕೊಳವೆ’ ಎಲ್ಲರಿಗೂ ಗೊತ್ತು. ನಾಮಪದಕ್ಕೆ ಅದು ಸಾಕು. ಕ್ರಿಯಾಪದಕ್ಕೆ ‘ಹಾಯಿಸು’ ಎಂದು ಬಳಸುತ್ತಿದ್ದೇನೆ: ‘ಗ್ರೆಪ್ ಕೊಟ್ಟದ್ದನ್ನು ಸಾರ್ಟ್‌ಗೆ ಹಾಯಿಸಿ’. ಗದ್ದೆಗೆ ನೀರು ಹಾಯಿಸಿದವರಿಗೆ ವಿವರಣೆಯೇ ಬೇಡ.

ಯೂನಿಕ್ ವಿಷಯದಲ್ಲಿ ನಾನು ಗಟ್ಟಿಯಾಗಿ ಹೇಳುವುದೊಂದಿದೆ. ಇಂಗ್ಲಿಷ್ ಹೆಸರು ನೋಡಿ ‘ಅನನ್ಯ’ ಎಂದು ಬರೆಯುವುದು ಬೇಡ. ಈ ಕಮಾಂಡ್ ಅಕ್ಕಪಕ್ಕ ಇರುವ ಒಂದೇ ತರಹದ ಸಾಲುಗಳನ್ನು ಮಾತ್ರ ಒಂದಾಗಿಸುತ್ತದೆ. ದೂರ ದೂರ ಇದ್ದರೆ ಗಮನಿಸುವುದೇ ಇಲ್ಲ. ಅದಕ್ಕೇ ಮೊದಲು ಸಾರ್ಟ್ ಮಾಡಬೇಕು. ‘ಅನನ್ಯ’ ಎಂದು ಓದಿದ ಒಬ್ಬ ಹುಡುಗ ಸಾರ್ಟ್ ಬಿಟ್ಟು ಯೂನಿಕ್ ಹಾಕಿ, ಲೆಕ್ಕ ತಪ್ಪಿ, ತನ್ನದೇ ತಪ್ಪೆಂದು ಬೇಜಾರು ಮಾಡಿಕೊಂಡ. ತಪ್ಪು ಪದದ್ದು. ‘ಪಕ್ಕದ ನಕಲು ಕಳೆ’ ಎಂದರೆ ಉದ್ದವಾಯಿತು, ಆದರೆ ನಿಜ ಹೇಳುತ್ತದೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತದೆಯೇ?

ಕೊನೆಯದು, ಎಣಿಕೆ. ‘ಕನ್ನಡ’ ಎಂಬ ಪದವನ್ನು ಎಣಿಸಿ ಹೇಳುವ ಡಬ್ಲ್ಯೂಸಿ ಕಮಾಂಡಿಗೆ ಕೊಟ್ಟರೆ, ಸಾಲಿನ ಕೊನೆಯ ಗುರುತು ಬಿಟ್ಟು, 15 ಬೈಟ್ (ಕಂಪ್ಯೂಟರಿನ ನೆನಪಿನ ಅಳತೆ), 5 ಕ್ಯಾರೆಕ್ಟರ್ ಎನ್ನುತ್ತದೆ. ನಾವು ಎಣಿಸಿದರೆ 3 ಅಕ್ಷರ. ‘ನ್ನ’ ನಮಗೆ ಒಂದು, ಅದಕ್ಕೆ ಮೂರು: ನ, ಸ್ವರವಿಲ್ಲ ಎಂದು ತೋರಿಸುವ ಗುರುತು (್), ಮತ್ತೆ ನ. ಹಾಗಿದ್ದ ಮೇಲೆ ಕ್ಯಾರೆಕ್ಟರ್‌ಗೆ ‘ಅಕ್ಷರ’ ಎಂದು ಬರೆಯಲು ಕೈ ಬರುತ್ತಿಲ್ಲ. ಸದ್ಯ ‘ಬಿಡಿಗುರುತು’ ಎಂದು ಹಾಕಿದ್ದೇನೆ. ವ್ಯಾಕರಣ ಬಲ್ಲವರು ಇದಕ್ಕೆ ಏನನ್ನುತ್ತೀರಿ? ‘ಹಸನು ಮಾಡು’, ‘ಹೆಕ್ಕು’ ಪದಗಳು ನಿಮ್ಮ ಊರಿನಲ್ಲಿ ಯಾವ ಯಾವ ಕೆಲಸಕ್ಕೆ ಬಳಕೆಯಲ್ಲಿವೆ ಎಂದೂ ದಯವಿಟ್ಟು ಬರೆಯಿರಿ. ಕರಾವಳಿಯವರ, ಬೀದರ್ ಕಡೆಯವರ ಮಾತು ನನಗೆ ಹೆಚ್ಚು ಬೇಕಾಗಿದೆ.