ಪುಸ್ತಕ ಮುಚ್ಚಿದರೆ ಏನೂ ಬರುವುದಿಲ್ಲ

ಭಾನುವಾರ ಬೆಳಿಗ್ಗೆ ನಮ್ಮ ಮನೆಯವರ ಗುಂಪಿನಲ್ಲಿ ಶುರುವಾದ ಮಾತು ಇದು. ನಡುವೆ ಬಂದ ಶುಭೋದಯ, ತಿಂಡಿಯ ಫೋಟೊಗಳನ್ನು ಬಿಟ್ಟು ಉಳಿದದ್ದನ್ನು ಹಾಗೇ ಇಟ್ಟಿದ್ದೇನೆ.

ಮೈಸೂರು ದೊಡ್ಡಪ್ಪ: (ಪಿರಮಿಡ್ ಚಿತ್ರ, ಹಲವು ಬಾರಿ ಫಾರ್ವರ್ಡ್ ಆದದ್ದು) ಪಾಠ ಕೇಳಿದರೆ ಶೇ. 5 ನೆನಪು. ಓದಿದರೆ 10. ವಿಡಿಯೊ ನೋಡಿದರೆ 20. ಪ್ರಯೋಗ ಮಾಡಿ ತೋರಿಸಿದರೆ 30. ಚರ್ಚಿಸಿದರೆ 50. ತಾವೇ ಮಾಡಿದರೆ 75. ಬೇರೆಯವರಿಗೆ ಕಲಿಸಿದರೆ 90. ಓದುವ ಮಕ್ಕಳಿರುವ ಮನೆಯವರೆಲ್ಲ ತಪ್ಪದೆ ನೋಡಿ.

ತುಮಕೂರು ಚಿಕ್ಕಮ್ಮ: ಭಾವ, ಒಳ್ಳೆಯ ಹೊತ್ತಿಗೆ ಕಳಿಸಿದಿರಿ. ಪುಟ್ಟಿ ಸೆಕೆಂಡ್ ಪಿಯುಸಿ. ದಿನವಿಡೀ ಓದುತ್ತಾಳೆ, ತಲೆಯಲ್ಲಿ ಏನೂ ನಿಲ್ಲುತ್ತಿಲ್ಲ ಅಂತ ಅಳುತ್ತಾಳೆ. ಓದಿದರೆ ಬರೀ 10 ಅಂದ ಮೇಲೆ ಹೇಗೆ ನಿಂತೀತು? ವಿಡಿಯೊ ಕೋರ್ಸಿಗೆ ಇವತ್ತೇ ದುಡ್ಡು ಕಟ್ಟಿಬಿಡುತ್ತೇನೆ.

ನಾನು: ಚಿಕ್ಕಮ್ಮ, ಸ್ವಲ್ಪ ತಡೆಯಿರಿ. ಆ ಅಂಕಿಗಳಿಗೆ ಆಧಾರವಿಲ್ಲ.

ಮೈಸೂರು ದೊಡ್ಡಪ್ಪ: ಕೆಳಗೆ ಅಮೆರಿಕದ ಸಂಸ್ಥೆಯ ಹೆಸರೇ ಇದೆಯಲ್ಲಮ್ಮ.

ನಾನು: ಇದೆ ದೊಡ್ಡಪ್ಪ. ನ್ಯಾಷನಲ್ ಟ್ರೈನಿಂಗ್ ಲ್ಯಾಬೊರೇಟರೀಸ್. ಮೂಲ ಸಂಶೋಧನೆ ಎಲ್ಲಿ ಎಂದು ಕೇಳಿದವರಿಗೆ, ಅದು ಈಗ ನಮ್ಮಲ್ಲಿ ಇಲ್ಲ, ಹುಡುಕಿದರೂ ಸಿಗುತ್ತಿಲ್ಲ ಎಂದು ಆ ಸಂಸ್ಥೆಯೇ ಉತ್ತರ ಕೊಟ್ಟಿದೆ. ಇಂಥದ್ದೇ ಇನ್ನೊಂದು ಚಿತ್ರ ಎಡ್ಗರ್ ಡೇಲ್ ಅನ್ನುವ ಅಮೆರಿಕದ ಶಿಕ್ಷಣತಜ್ಞರ ಹೆಸರಿನಲ್ಲಿ ಓಡಾಡುತ್ತದೆ. ಡೇಲ್ 1946ರ ತಮ್ಮ ಪುಸ್ತಕದಲ್ಲಿ ಶಂಕುವಿನ ಚಿತ್ರ ಕೊಟ್ಟದ್ದು ನಿಜ. ಅದರಲ್ಲಿ ಒಂದೇ ಒಂದು ಶೇಕಡಾ ಲೆಕ್ಕ ಇರಲಿಲ್ಲ. ಅದೆಲ್ಲ ಆಮೇಲೆ ಬೇರೆಯವರು ಸೇರಿಸಿದ್ದು.

ನೀವೇ ಯೋಚಿಸಿ. ಓದಿದರೆ ಶೇ. 10 ಅಂದರೆ ಓದಿದ್ದು ಏನು? ಪದ್ಯವೋ, ಫಿಸಿಕ್ಸೋ? ಎಷ್ಟು ಹೊತ್ತು ಓದಿದ್ದು? ಎಷ್ಟು ದಿನ ಬಿಟ್ಟು ಕೇಳಿದ್ದು? ಇದು ಯಾವುದೂ ಇಲ್ಲದೆ 10 ಅನ್ನುವುದಕ್ಕೆ ಅರ್ಥವೇ ಇಲ್ಲ.

ಡಲ್ಲಾಸ್ ಅಣ್ಣ: ಅಂಕಿ ತಪ್ಪೇ ಇರಲಿ. ಹೇಳುವ ಮಾತು ಸರಿ ಇದೆ ಅಲ್ವಾ? ಕೈಯಾರೆ ಮಾಡಿದ್ದು ಜಾಸ್ತಿ ನೆನಪಿರುತ್ತದೆ. ಅಷ್ಟಕ್ಕೆ ಯಾಕೆ ಇಷ್ಟು ವಾದ?

ನಾನು: ಯಾಕೆಂದರೆ ಆ ಅಂಕಿ ನೋಡಿ ಚಿಕ್ಕಮ್ಮ ಮಗಳ ಕೈಯಿಂದ ಪುಸ್ತಕ ತೆಗೆಯಲು ಹೊರಟಿದ್ದಾರೆ ಅಣ್ಣ. ಪುಸ್ತಕವೋ ವಿಡಿಯೊವೋ ಅನ್ನುವುದಲ್ಲ ಅವಳ ತೊಂದರೆ. ಪುಟ್ಟಿ, ಇದ್ದೀಯಾ? ಹೇಗೆ ಓದುತ್ತೀಯ ಹೇಳು.

ಪುಟ್ಟಿ: ಇದ್ದೇನೆ ಅಕ್ಕ. ಒಂದೊಂದು ಪಾಠ ನಾಲ್ಕು ಸಲ ಓದುತ್ತೇನೆ. ಹಳದಿ ಪೆನ್ನಲ್ಲಿ ಗೆರೆ ಹಾಕುತ್ತೇನೆ. ಓದುವಾಗ ಎಲ್ಲ ಗೊತ್ತು ಅನ್ನಿಸುತ್ತದೆ. ಪುಸ್ತಕ ಮುಚ್ಚಿದರೆ ಏನೂ ಬರುವುದಿಲ್ಲ. ಭಯ ಆಗಿ ತಕ್ಷಣ ತೆರೆದುಬಿಡುತ್ತೇನೆ.

ನಾನು: ತೆರೆಯಬೇಡ. ಅಲ್ಲೇ ಸ್ವಲ್ಪ ಹೊತ್ತು ನಿಲ್ಲಬೇಕು ಪುಟ್ಟಿ.

ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಮನಶ್ಶಾಸ್ತ್ರಜ್ಞರು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಒಂದು ಸಣ್ಣ ಪಾಠ ಕೊಟ್ಟರು. ಒಂದು ಗುಂಪು ನಾಲ್ಕು ಸರದಿಯೂ ಓದಿತು, ನಿನ್ನ ಹಾಗೇ. ಒಂದೊಂದು ಸರದಿಯಲ್ಲೂ ಮತ್ತೆ ಮತ್ತೆ ಓದಿ, ಕೊನೆಗೆ ಅವರು ಪಾಠವನ್ನು ಸರಾಸರಿ 14 ಸಲ ಓದಿ ಮುಗಿಸಿದ್ದರು. ಇನ್ನೊಂದು ಗುಂಪು ಒಂದೇ ಸರದಿ ಓದಿತು. ಉಳಿದ ಮೂರು ಸರದಿ ಪಾಠ ನೋಡದೆ, ನೆನಪಿಗೆ ಬಂದಷ್ಟನ್ನು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದೆ. ಅವರಿಗೆ ಶೇ. 83 ನೆನಪಿತ್ತು, ಬರೆದವರಿಗೆ 71. ಒಂದು ವಾರ ಬಿಟ್ಟು ಕೇಳಿದಾಗ ಓದಿದವರಿಗೆ ಉಳಿದದ್ದು 40. ಬರೆದವರಿಗೆ 61.

ನನ್ನನ್ನು ಜಾಸ್ತಿ ಕಾಡಿದ್ದು ಇದು: ವಾರದ ನಂತರ ಎಷ್ಟು ನೆನಪಿರುತ್ತದೆ ಎಂದು ಮೊದಲೇ ಕೇಳಿದಾಗ, ಬರೀ ಓದಿದವರಿಗೇ ಹೆಚ್ಚು ಭರವಸೆ ಇತ್ತು. ಓದುವಾಗ ಎಲ್ಲ ಗೊತ್ತು ಅನ್ನಿಸುತ್ತದೆ ಅಂದೆಯಲ್ಲ, ಅದೇ.

ತುಮಕೂರು ಚಿಕ್ಕಮ್ಮ: ಹಾಗಾದರೆ ಟೆಸ್ಟ್ ಮೇಲೆ ಟೆಸ್ಟ್ ಕೊಟ್ಟು ಸಾಯಿಸುವುದೇ ಸರಿ ಅಂತೀಯಾ? ಕಾಲೇಜಿನಲ್ಲಿ ವಾರಕ್ಕೊಂದು ಇದೆ. ಅಂಕ ಬೋರ್ಡಿಗೆ ಹಾಕುತ್ತಾರೆ. ಅವಳು ಹೆದರಿರುವುದೇ ಅದಕ್ಕೆ.

ನಾನು: ಅಲ್ಲ ಚಿಕ್ಕಮ್ಮ. ಅಂಕವಿಲ್ಲದ, ಯಾರೂ ನೋಡದ ಹಾಳೆ. ಬಂದಷ್ಟು ಬರೆಯುವುದು, ಪುಸ್ತಕ ತೆರೆದು ಬೇರೆ ಬಣ್ಣದಲ್ಲಿ ತಿದ್ದುವುದು, ಹಾಳೆ ಹರಿದು ಹಾಕುವುದು. ನಾನೂ ಎಂಟನೇ ಕ್ಲಾಸಿಗೆ ಪಾಠ ಮಾಡುತ್ತಾ ಎಷ್ಟೋ ವರ್ಷ "ಅರ್ಥ ಆಯ್ತಾ?" ಎಂದು ಕೇಳಿ ಮುಂದೆ ಹೋದವಳು. ಎಲ್ಲರೂ "ಆಯ್ತು ಮೇಡಂ" ಅನ್ನುತ್ತಿದ್ದರು. ಮಕ್ಕಳು ಸುಳ್ಳು ಹೇಳುತ್ತಿರಲಿಲ್ಲ. ಆ ಕ್ಷಣಕ್ಕೆ ಅವರಿಗೆ ಆಗಿತ್ತು. ಈಗ ಕೊನೆಯ ಐದು ನಿಮಿಷ ಪುಸ್ತಕ ಮುಚ್ಚಿಸಿ ಬರೆಸುತ್ತೇನೆ.

ಮೈಸೂರು ದೊಡ್ಡಪ್ಪ: ನಮ್ಮ ಕಾಲದಲ್ಲಿ ಇದನ್ನೇ ಮಾಡುತ್ತಿದ್ದರು. ಸಂಜೆ ದೀಪ ಹಚ್ಚಿದ ಮೇಲೆ ಜಗಲಿಯಲ್ಲಿ ಮಗ್ಗಿ. ಮೊದಲು ಸಾಲಾಗಿ ಹೇಳುವುದು. ಆಮೇಲೆ ಅಪ್ಪ ಒಳಗಿನಿಂದಲೇ ಕೂಗುತ್ತಿದ್ದರು, ಹದಿನಾರೆಂಟ್ಲ? ಸಾಲು ತಪ್ಪಿಸಿ ಕೇಳಿದಾಗಲೇ ನಿಜವಾದ ಕಷ್ಟ. ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನೂರಿಪ್ಪತ್ತೆಂಟು ಅನ್ನುತ್ತೇನೆ. ಬಾಯಿಪಾಠ ಅಂತ ಎಲ್ಲರೂ ಬೈಯುತ್ತಾರೆ.

ಹುಬ್ಬಳ್ಳಿ ಅತ್ತೆ: ತಪ್ಪು ಹೇಳಿದರೆ ಬೆತ್ತ ಬೀಳುತ್ತಿತ್ತು ಅಣ್ಣ. ಅದನ್ನೂ ಹೇಳು. ನೀನು ಸರಿಯಾಗಿ ಹೇಳುತ್ತಿದ್ದೆ, ನನಗೆ ಗಂಟಲೇ ಕಟ್ಟುತ್ತಿತ್ತು. ನಾನು ಲೆಕ್ಕ ಬಿಟ್ಟಿದ್ದು ಆ ಜಗಲಿಯಲ್ಲೇ.

ಮೈಸೂರು ದೊಡ್ಡಪ್ಪ: ಹೌದಮ್ಮ. ಅದು ತಪ್ಪು.

ನಾನು: ಅತ್ತೆ, ನೀವು ಹೇಳಿದ್ದು ಒಳ್ಳೆಯದಾಯಿತು. ಕೇಳುವುದು ಬೇಕು, ಬೆತ್ತ ಬೇಡ. ಸಾಲಾಗಿ ಹೇಳುವಾಗ ಒಂದು ಸಾಲು ಮುಂದಿನದನ್ನು ಎಳೆದು ತರುತ್ತದೆ. ಸಾಲು ತಪ್ಪಿಸಿದರೆ ನಾವೇ ಹೋಗಿ ತರಬೇಕು. ದೊಡ್ಡಪ್ಪನಿಗೆ ಉಳಿದದ್ದು ಹಾಗೆ ತಂದು ತಂದು.

ಡಲ್ಲಾಸ್ ಅಣ್ಣ: ನೆನಪೇ ಬುದ್ಧಿ ಅಂತ ಮಾಡಬೇಡಿ. ಸೂತ್ರ ಫೋನಿನಲ್ಲೂ ಸಿಗುತ್ತದೆ. ಅವಳಿಗೆ ಬೇಕಾದದ್ದು ಲೆಕ್ಕ ಬಿಡಿಸುವ ಬುದ್ಧಿ.

ನಾನು: ಸೂತ್ರ ಸಿಗುತ್ತದೆ ಅಣ್ಣ. ಯಾವ ಸೂತ್ರ ಅನ್ನುವುದು ಸಿಗುವುದಿಲ್ಲ. ಪಾಠದ ಕೊನೆಯ ಅಭ್ಯಾಸದಲ್ಲಿ ಅದನ್ನು ಪಾಠದ ಹೆಸರೇ ಹೇಳಿಕೊಟ್ಟಿರುತ್ತದೆ. ಪರೀಕ್ಷೆಯಲ್ಲಿ ಯಾರೂ ಹೇಳುವುದಿಲ್ಲ.

ರೋರರ್ ಮತ್ತು ಟೇಲರ್ ಅನ್ನುವ ಸಂಶೋಧಕರು 2007ರಲ್ಲಿ ಇದನ್ನು ನೋಡಿದರು. ನಾಲ್ಕು ಬಗೆಯ ಘನಾಕೃತಿಗಳ ಗಾತ್ರ ಕಂಡುಹಿಡಿಯುವ ಲೆಕ್ಕ. ಒಂದು ಗುಂಪಿಗೆ ಒಂದೊಂದು ಬಗೆ ಮುಗಿಸಿ ಮುಂದಿನದು. ಇನ್ನೊಂದು ಗುಂಪಿಗೆ ಎಲ್ಲ ಕಲಸಿ ಕೊಟ್ಟರು. ಅಭ್ಯಾಸದ ಹೊತ್ತಿನಲ್ಲಿ ಮೊದಲನೆಯವರು ಶೇ. 89 ಸರಿ ಮಾಡಿದರು, ಕಲಸಿ ಮಾಡಿದವರು 60. ವಾರ ಬಿಟ್ಟು ಪರೀಕ್ಷೆ ಇಟ್ಟರೆ ಮೊದಲನೆಯವರು 20ಕ್ಕೆ ಇಳಿದಿದ್ದರು. ಕಲಸಿ ಮಾಡಿದವರು 63.

ಮೈಸೂರು ದೊಡ್ಡಪ್ಪ: ಅಷ್ಟಾವಧಾನ ನೋಡಿದ್ದೀರಲ್ಲ. ಎಂಟು ಜನ ಪೃಚ್ಛಕರು ಸುತ್ತ ಕೂತು ಪ್ರಶ್ನೆ ಒಡ್ಡುತ್ತಾರೆ. ಅವಧಾನಿ ಒಬ್ಬರಿಗೆ ಪದ್ಯದ ಒಂದು ಸಾಲು ಹೇಳಿ, ಅಲ್ಲಿಗೇ ಬಿಟ್ಟು, ಉಳಿದ ಪೃಚ್ಛಕರನ್ನೆಲ್ಲ ಸುತ್ತಿ ಬಂದು ಎರಡನೇ ಸಾಲು. ನಡುವೆ ಅಪ್ರಸ್ತುತ ಪ್ರಸಂಗದವರು ಗಮನ ಕೆಡಿಸುತ್ತಲೇ ಇರುತ್ತಾರೆ. ಕಾಗದ, ಪೆನ್ನು ಇಲ್ಲ. ಕೊನೆಗೆ ಧಾರಣೆಯಲ್ಲಿ, ಅಂದರೆ ನೆನಪಿನಿಂದ ಒಪ್ಪಿಸುವಾಗ, ಪದ್ಯವೆಲ್ಲ ಪೂರ್ತಿ ಬರುತ್ತದೆ.

ಡಲ್ಲಾಸ್ ಅಣ್ಣ: ಅದು ಬಾಯಿಪಾಠ ಅಲ್ಲ ದೊಡ್ಡಪ್ಪ. ಛಂದಸ್ಸು ಒಳಗೆ ಇಳಿದಿರುವುದರಿಂದ ಸಾಲು ನಿಲ್ಲುತ್ತದೆ. ಅರ್ಥ ಆಗದ್ದನ್ನು ಹಾಳೆಯ ಮೇಲೆ ಎಷ್ಟು ಸಲ ಬರೆದರೇನು?

ನಾನು: ಒಪ್ಪುತ್ತೇನೆ ಅಣ್ಣ. ಅರ್ಥ ಆಗದ ಕಡೆ ವಿಡಿಯೊ ನೋಡಲಿ, ಲೆಕ್ಚರರನ್ನು ಕೇಳಲಿ. ಆದರೆ ನೋಡಿ ಮುಗಿದ ಮೇಲೆ ಅದನ್ನೂ ಮುಚ್ಚಬೇಕು. ಬೇರೆಯವರು ಲೆಕ್ಕ ಬಿಡಿಸುವುದನ್ನು ನೋಡುವಾಗ ಎಲ್ಲರಿಗೂ ಬಂದಂತೆಯೇ ಅನ್ನಿಸುತ್ತದೆ.

ಡಲ್ಲಾಸ್ ಅಣ್ಣ: ಮೊದಲು ಅರ್ಥ. ನನ್ನ ಮಾತು ಅಷ್ಟೇ.

(ಸಂಜೆ)

ಪುಟ್ಟಿ: ಅಕ್ಕ, ಫಿಸಿಕ್ಸಿನ ಗಾಸ್ ಲಾ ಪಾಠವನ್ನು ಪುಸ್ತಕ ಮುಚ್ಚಿ ಬರೆದೆ. ಅರ್ಧ ಹಾಳೆ ಬಂತು. ಚಾರ್ಜ್ ಎಲ್ಲ ಕಡೆ ಸಮನಾಗಿ ಹರಡಿರುವ ತೆಳು ಟೊಳ್ಳು ಗೋಳದ ಒಳಗೆ ಎಲೆಕ್ಟ್ರಿಕ್ ಫೀಲ್ಡ್ ಸೊನ್ನೆ ಅಂತ ಬರೆದೆ. ಯಾಕೆ ಅಂತ ಬರೆಯಲು ಆಗಲಿಲ್ಲ. ತೆರೆದು ನೋಡಲಾ?

ನಾನು: ಈಗಲೇ ಬೇಡ. ಆ ಗೋಳದೊಳಗೆ ಅದೇ ನಡುಬಿಂದು ಇಟ್ಟು ಒಂದು ಚಿಕ್ಕ ಗೋಳ ಬರೆ. ಅದರ ಒಳಗೆ ಎಷ್ಟು ಚಾರ್ಜ್ ಇದೆ?

ಪುಟ್ಟಿ: ಏನೂ ಇಲ್ಲ. ಎಲ್ಲ ಹೊರಗಿನ ಚಿಪ್ಪಿನ ಮೇಲೇ ಇದೆ.

ಪುಟ್ಟಿ: ಅಯ್ಯೋ ಅಕ್ಕ, ಒಳಗೆ ಚಾರ್ಜ್ ಇಲ್ಲ ಅಂದರೆ ಗಾಸ್ ಲಾ ಪ್ರಕಾರ ಚಿಕ್ಕ ಗೋಳದ ಮೇಲ್ಮೈ ದಾಟುವ ಒಟ್ಟು ಫೀಲ್ಡ್, ಅಂದರೆ ಫ್ಲಕ್ಸೇ ಸೊನ್ನೆ. ಆ ಚಿಕ್ಕ ಗೋಳದ ಮೇಲೆ ಎಲ್ಲ ಕಡೆ ಫೀಲ್ಡ್ ಒಂದೇ ಸಮ ಇರಬೇಕು. ಅದಕ್ಕೇ ಸೊನ್ನೆ!

ತುಮಕೂರು ಚಿಕ್ಕಮ್ಮ: ನಾಳೆ ಬೆಳಿಗ್ಗೆ ಎದ್ದ ತಕ್ಷಣ ಮತ್ತೆ ಕೇಳಮ್ಮ ಅವಳನ್ನು.

ನಾನು: ನಾಳೆ ಬೇಡ ಚಿಕ್ಕಮ್ಮ. ಸ್ವಲ್ಪ ಮರೆಯಲಿ. ಬುಧವಾರ ಕೇಳುತ್ತೇನೆ.