ಚಟ್ನಿ ಪೌಚಿನ ಕಸ ಯಾರ ಹೊಣೆ? ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಪುಣೆ ಹತ್ತಿರದ ಪಿಂಪ್ರಿಯಿಂದ): ನಮಸ್ಕಾರ ಮೇಡಂ. ನಾನು, ನನ್ನ ಹೆಂಡತಿ ಸೇರಿ ಶೇಂಗಾ ಚಟ್ನಿ, ಅಗಸಿ ಚಟ್ನಿ ಮಾಡಿ ಪೌಚಿನಲ್ಲಿ ಮಾರುತ್ತೇವೆ. ವರ್ಷಕ್ಕೆ ಹೆಚ್ಚುಕಡಿಮೆ 40 ಲಕ್ಷದ ವ್ಯಾಪಾರ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇದೆ. ಒಬ್ಬ ಏಜೆಂಟ್ ಬಂದು "ಇಪಿಆರ್ ಮಾಡಿಸಿ, ಇಲ್ಲಾಂದ್ರೆ ದಂಡ ಬೀಳುತ್ತೆ" ಅಂತ ದೊಡ್ಡ ಫೀಸು ಕೇಳುತ್ತಿದ್ದಾನೆ. ಮಾಡಿಸಲೇಬೇಕಾ?

ಉತ್ತರ (ಪರಿಸರ ಸಲಹೆಗಾರ್ತಿ): ದುಡ್ಡು ಕೊಡಬೇಡಿ ಅಣ್ಣಾ. ಸಾಮಾನನ್ನು ಮಾರುಕಟ್ಟೆಗೆ ಬಿಟ್ಟವರೇ ಅದರ ಕಸ ಕೂಡಿಸಿ ಮರುಬಳಕೆಗೆ ಕಳಿಸುವ ಹೊಣೆ ಹೊರಬೇಕು, ಇಪಿಆರ್ ಅಂದರೆ ಇಷ್ಟೇ. ಪ್ಲಾಸ್ಟಿಕ್ ಪ್ಯಾಕಿಂಗಿಗೆ ಇದರ ವಿವರವಾದ ನಿಯಮ ಬಂದದ್ದು 2022ರ ಫೆಬ್ರವರಿಯಲ್ಲಿ. ಬೇರೆಯವರಿಂದ ಪೌಚ್ ಕೊಂಡು ನಿಮ್ಮ ಹೆಸರಲ್ಲಿ ಮಾರುವುದರಿಂದ ನೀವು 'ಬ್ರ್ಯಾಂಡ್ ಓನರ್'. ಆದರೆ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಯ ಬ್ರ್ಯಾಂಡ್ ಓನರ್‌ಗಳನ್ನು ನಿಯಮವೇ ಹೊರಗಿಟ್ಟಿದೆ. 2025ರ ಏಪ್ರಿಲ್‌ನಿಂದ 10 ಕೋಟಿವರೆಗಿನ ವಹಿವಾಟು ಸೂಕ್ಷ್ಮ ಉದ್ದಿಮೆಯ ಲೆಕ್ಕಕ್ಕೆ ಬರುತ್ತದೆ. ಹೂಡಿಕೆಗೂ ಮಿತಿ ಇದೆ, ಎರಡೂವರೆ ಕೋಟಿ. ನೀವು ಅದರ ಹತ್ತಿರವೂ ಇಲ್ಲ. ಉದ್ಯಮ್ ಪತ್ರದ ಒಂದು ಪ್ರತಿ ಅಂಗಡಿಯಲ್ಲೇ ಇಟ್ಟುಕೊಳ್ಳಿ. ಹೆದರಿಸಿ ದುಡ್ಡು ಕೀಳುವವರನ್ನು ಕಂಡರೆ ನನಗೆ ತುಂಬಾ ಸಿಟ್ಟು ಬರುತ್ತದೆ.

ಒಂದು ಮಾತು. ಪ್ಯಾಕಿಂಗ್ ಸಾಮಾನನ್ನು ಹೊರದೇಶದಿಂದ ನೀವೇ ತರಿಸುತ್ತಿದ್ದರೆ ಲೆಕ್ಕ ಬೇರೆ. ಹಾಗಿದ್ದರೆ ಮೊದಲು ನನಗೆ ಹೇಳಿ.

ಪ್ರಶ್ನೆ (ಅವರೇ): ಇಲ್ಲ ಮೇಡಂ, ಪೌಚ್ ಭೋಸರಿಯಲ್ಲೇ ತಗೊಳ್ಳುತ್ತೇವೆ. ಹಾಗಾದರೆ ನಮ್ಮ ಪೌಚಿನ ಕಸಕ್ಕೆ ಯಾರೂ ಹೊಣೆ ಅಲ್ವಾ?

ಉತ್ತರ: ಹೊಣೆ ಮಾಯವಾಗುವುದಿಲ್ಲ, ಪೌಚ್ ಮಾಡಿ ಕೊಟ್ಟವರ ಮೇಲೆ ಹೋಗುತ್ತದೆ. ದೊಡ್ಡ ಬ್ರ್ಯಾಂಡ್‌ಗಳಿಗೆ ಮಾರಿದ್ದನ್ನು ಅವರು ತಮ್ಮ ಲೆಕ್ಕದಿಂದ ಕಳೆಯಬಹುದು, ನಿಮ್ಮಂಥವರಿಗೆ ಮಾರಿದ್ದನ್ನು ಕಳೆಯುವಂತಿಲ್ಲ. ಅವರೂ ಸಣ್ಣವರಾಗಿದ್ದರೆ, 2024ರ ತಿದ್ದುಪಡಿಯಂತೆ, ಪ್ಲಾಸ್ಟಿಕ್ ಕಚ್ಚಾಮಾಲು ಮಾಡುವ ಕಂಪನಿಗಳ ಕಡೆಗೆ ಹೋಗುತ್ತದೆ. ನೀವು ಭೋಸರಿಯವರ ನೋಂದಣಿ ಸಂಖ್ಯೆ ಕೇಳಿ ಬರೆದಿಟ್ಟುಕೊಳ್ಳಿ.

ಪ್ರಶ್ನೆ (ಕೋಥ್ರೂಡ್‌ನಿಂದ): ಅಕ್ಕಾ, ನಮ್ಮ ಸೊಸೈಟಿಗೆ ಕಸ ಒಯ್ಯಲು ಬರುವವರು ಬಾಟಲಿ ಬೇರೆ ಇಟ್ಟುಕೊಳ್ಳುತ್ತಾರೆ, ಚಿಪ್ಸ್ ಪ್ಯಾಕೆಟ್ ಮುಟ್ಟುವುದಿಲ್ಲ. ಕಂಪನಿಗಳು ದುಡ್ಡು ಕೊಡುವುದು ನಿಜವಾದರೆ ಅದು ಇವರಿಗೆ ಯಾಕೆ ಸಿಗಲ್ಲ?

ಉತ್ತರ: ನೀವು ಕೇಳಿದ್ದೇ ದೊಡ್ಡ ಪ್ರಶ್ನೆ. ಪುಣೆಯಲ್ಲಿ ಮನೆಮನೆಗೆ ಹೋಗುವ ಬಹಳ ಮಂದಿ 'ಸ್ವಚ್ಛ್' ಸದಸ್ಯರು. ಅದು ಕಸ ಆಯುವವರದ್ದೇ ಸಹಕಾರಿ ಸಂಸ್ಥೆ. ಮನೆಯವರು ತಿಂಗಳಿಗೆ ಕೊಡುವ ಶುಲ್ಕ, ಮೇಲೆ ಗುಜರಿ ಅಂಗಡಿಯಲ್ಲಿ ಮಾರಿದ್ದು, ಅದೇ ಅವರ ಗಳಿಕೆ. ನೀರಿನ ಬಾಟಲಿಗೆ ಅಲ್ಲಿ ಒಳ್ಳೆ ರೇಟು ಇದೆ. ಚಿಪ್ಸ್ ಪ್ಯಾಕೆಟ್ ಹಾಗಲ್ಲ. ಒಂದನ್ನು ಹರಿದು ನೋಡಿ, ಒಳಗೆ ಬೆಳ್ಳಿಯಂಥ ಹೊಳಪು. ಪದರದ ಮೇಲೆ ಪದರ ಅಂಟಿಸಿರುತ್ತಾರೆ. ಬಿಡಿಸಲಿಕ್ಕೆ ಆಗಲ್ಲ, ತೂಕವೂ ಇಲ್ಲ. ಚೀಲ ತುಂಬಾ ಆಯ್ದರೂ ಚಹಾದ ದುಡ್ಡು ಹುಟ್ಟುವುದಿಲ್ಲ. ಇಪಿಆರ್ ದುಡ್ಡು ಬರಬೇಕಾದದ್ದು ಸರಿಯಾಗಿ ಇಲ್ಲಿಗೇ.

ಆದರೆ ಕಂಪನಿ ಕೊಳ್ಳುವುದು ಸರ್ಟಿಫಿಕೇಟ್. ಮರುಬಳಕೆ ಘಟಕ "ಇಷ್ಟು ಟನ್ ಮಾಡಿದೆ" ಅಂತ ಸರ್ಕಾರದ ಇಪಿಆರ್ ಪೋರ್ಟಲ್‌ನಲ್ಲಿ ತೋರಿಸುತ್ತದೆ, ಕಂಪನಿ ಅದನ್ನು ಕೊಂಡು, ಇಷ್ಟು ಪ್ಲಾಸ್ಟಿಕ್ ಮರುಬಳಕೆ ಆಗಬೇಕು ಅನ್ನುವ ತನ್ನ ಗುರಿ ತುಂಬಿಸುತ್ತದೆ. ದುಡ್ಡು ಘಟಕದ ಹತ್ತಿರವೇ ನಿಲ್ಲುತ್ತದೆ, ಆಯ್ದವರ ಹೆಸರು ಆ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ. 2023ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ತಪಾಸಣೆ ಮಾಡಿದಾಗ ಸುಮಾರು 6 ಲಕ್ಷ ಸುಳ್ಳು ಸರ್ಟಿಫಿಕೇಟ್ ಸಿಕ್ಕವು. ಮಾಡದ ಕೆಲಸಕ್ಕೆ ಕಾಗದ! ನಾನು ನನ್ನ ದೊಡ್ಡ ಗ್ರಾಹಕರಿಗೆ ಹೇಳುವುದು ಒಂದೇ: ಯಾವ ಊರಿನ ಕಸ, ಯಾರು ಕೂಡಿಸಿದರು, ಕೆಜಿಗೆ ಅವರಿಗೆಷ್ಟು ಕೊಟ್ಟರು ಅಂತ ಕೇಳದೆ ಸರ್ಟಿಫಿಕೇಟ್ ಕೊಳ್ಳಬೇಡಿ. ನಿಯಮ ಇದನ್ನು ಕಡ್ಡಾಯ ಮಾಡಬೇಕು.

ಪ್ರಶ್ನೆ (ಹಡಪ್ಸರ್‌ನಿಂದ): ಹಳೆ ಮೊಬೈಲ್, ಪವರ್ ಬ್ಯಾಂಕ್ ಎಲ್ಲಿ ಕೊಡಲಿ?

ಉತ್ತರ: ಒಣ ಕಸಕ್ಕೆ ಹಾಕಬೇಡಿ. ಅವುಗಳ ಮೇಲೆ ಗೀಟು ಹೊಡೆದ ಕಸದ ಡಬ್ಬಿಯ ಚಿತ್ರ ಇರುವುದು ಅದಕ್ಕೇ. ಲಿಥಿಯಂ ಬ್ಯಾಟರಿ ಕಸದ ಗಾಡಿಯಲ್ಲಿ ಜಜ್ಜಿದರೆ ಬೆಂಕಿ ಹತ್ತುತ್ತದೆ. ಬೇರೆ ಚೀಲದಲ್ಲಿಟ್ಟು, ಕಸ ಒಯ್ಯಲು ಬರುವವರಿಗೆ ಬಾಯಿಬಿಟ್ಟು ಹೇಳಿ ಕೊಡಿ.

ಪ್ರಶ್ನೆ (ಪಿಂಪ್ರಿಯಿಂದ): ಮೇಡಂ, ನಮ್ಮ ಪೌಚೂ ಒಳಗೆ ಬೆಳ್ಳಿ ಬಣ್ಣದ್ದೇ. ಬದಲಿಸಬಹುದಾ?

ಉತ್ತರ: ಬದಲಿಸಬಹುದು, ಅವಸರ ಮಾಡಬೇಡಿ. ಒಂದೇ ಜಾತಿ ಪ್ಲಾಸ್ಟಿಕ್ಕಿನ ಪೌಚ್ ಸಿಗುತ್ತದೆ, ಅದನ್ನು ಮರುಬಳಕೆ ಮಾಡುವುದು ಸುಲಭ. ಆದರೆ ಗಾಳಿ ತಡೆಯುವ ಶಕ್ತಿ ಕಡಿಮೆ. ಶೇಂಗಾದಲ್ಲಿ ಎಣ್ಣೆ ಜಾಸ್ತಿ, ಬೇಗ ಮುಗ್ಗಲು ವಾಸನೆ ಬರಬಹುದು. ಸ್ಯಾಂಪಲ್ ತರಿಸಿ, ತುಂಬಿಸಿ, ಪ್ಯಾಕೆಟ್ ಮೇಲೆ ಬರೆದ ಅವಧಿ ಮುಗಿಯುವವರೆಗೂ ಇಟ್ಟು ರುಚಿ ನೋಡಿ. ಆಮೇಲೆ ಆರ್ಡರ್ ಕೊಡಿ.