ಸಹಾಯ ಬೇಕು: ಶಕ್ತಿನಗರ ಕಡೆ ಮನೆ ಖಾಲಿ ಮಾಡುವವರ ಫ್ರಿಜ್, ಕೂಲರ್

ಎಲ್ಲರಿಗೂ ನಮಸ್ಕಾರ್ರಿ. ಶಕ್ತಿನಗರ ಕಾಲೋನಿಯಲ್ಲಿ ವರ್ಗಾವಣೆ, ನಿವೃತ್ತಿ ಅಂತ ಮನೆ ಸಾಮಾನು ಮಾರುವವರಿದ್ದರೆ ತಿಳಿಸಿ. ಬೇಕಿರೋದು ಎರಡೇ: 180–200 ಲೀಟರಿನ ಸಿಂಗಲ್ ಡೋರ್ ಫ್ರಿಜ್, ತಗಡಿನ ದೊಡ್ಡ ಕೂಲರ್.

ಫ್ರಿಜ್ ನೋಡಲು ಬರುವ ಮೂರು ತಾಸು ಮೊದಲೇ ಹಚ್ಚಿ, ಫ್ರೀಜರ್‌ನಲ್ಲಿ ಸ್ಟೀಲ್ ತಟ್ಟೆಗೆ ತುಸು ನೀರು ಹಾಕಿಟ್ಟಿರಬೇಕು. ಐಸ್ ಕಟ್ಟಿದ್ದು ಕಂಡರೆ ಮಾತ್ರ ರೇಟಿನ ಮಾತು. ಗ್ಯಾಸ್ ಇಲ್ಲದಿದ್ದರೂ ಒಳಗಿನ ದೀಪ ಹತ್ತುತ್ತೆ, ಕಂಪ್ರೆಸರ್ ಗುಂಯ್ ಅನ್ನುತ್ತೆ, ಅದನ್ನ ತೋರಿಸಿ ‘ಚಾಲೂ ಐತಿ’ ಅಂದ್ರೆ ಆಗಲ್ರಿ. ಬಾಗಿಲಿಗೆ ಸಿಕ್ಕಿಸಿದ ನೋಟು ಸಲೀಸಾಗಿ ಈಚೆ ಬಂದರೆ ರಬ್ಬರ್ ಸಡಿಲಾಗಿದೆ. ಅದು ಬದಲಾಯಿಸಬಹುದು, ಬೆಲೆ ಇಳಿಸಿದರೆ ಸಾಕು. ಕಂಪ್ರೆಸರ್ ಹತ್ತಿರದ ಪೈಪಿನಲ್ಲಿ ಹೊಸ ಬೆಸುಗೆ ಇದ್ದರೆ ಸೋರಿಕೆ ಎಲ್ಲಿತ್ತು ಅಂತ ಹೇಳಬೇಕು. ಸೋರಿಕೆ ಮುಚ್ಚದೆ ಗ್ಯಾಸ್ ತುಂಬಿಸಿದ್ದರೆ ಮತ್ತೆ ಖಾಲಿಯಾಗೋದೇ.

ಕೂಲರಿನ ಹುಲ್ಲು, ಪಂಪು ಹಾಳಾಗಿದ್ದರೂ ನಡೆಯುತ್ತೆ. ತಳ ನೋಡಬೇಕು: ಬೋರಿನ ಉಪ್ಪು ನೀರಿಗೆ ತಗಡು ತಿಂದುಹೋಗಿರುತ್ತೆ, ಮೇಲೆ ಬಣ್ಣ ಬಳಿದಿರ್ತಾರೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಲು ಬಿಡಬೇಕು. ಪ್ಲಗ್ ತೆಗೆದು ರೆಕ್ಕೆ ಕೈಯಿಂದ ತಿರುಗಿಸಿದಾಗ ಗರಗರ ಅಂದರೆ ಮೋಟರ್ ರಿಪೇರಿ ಖರ್ಚು ಕಳೆದು ಹೇಳಿ. ಮಳೆಗಾಲದಲ್ಲಿ ಕೊಟ್ಟರೂ ಸರಿ, ಆಗ ರೇಟೂ ಕಡಿಮೆ.

ಇನ್ನೊಂದು ಕೇಳಬೇಕಿತ್ತು. ಶಕ್ತಿನಗರದಿಂದ ರಾಯಚೂರು ಸ್ಟೇಷನ್ ರೋಡಿಗೆ ಟಾಟಾ ಏಸ್ ಬಾಡಿಗೆ ಈಗ ಎಷ್ಟು ನಡೀತಿದೆ? ಫ್ರಿಜ್ ನಿಲ್ಲಿಸಿ, ಹಗ್ಗ ಕಟ್ಟಿ ತರುವವರೇ ಬೇಕು. ಮಲಗಿಸಿದರೆ ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿಯುತ್ತೆ, ಆಮೇಲೆ ನಿಲ್ಲಿಸಿ ಒಂದು ದಿನ ಹಚ್ಚದೆ ಕಾಯಬೇಕು. ಫೋಟೊ ಹಾಕುವವರು ಹಿಂಭಾಗದ್ದೂ ಹಾಕ್ರಿ.